ಹೊಂಡಕ್ಕೆ ಬಿಟ್ಟ ಮೀನುಮರಿಗಳು ಎಲ್ಲಿ ಹೋಗುತ್ತವೆ?

2014-15ರಲ್ಲಿ ಕೃಷಿಭಾಗ್ಯ ಯೋಜನೆ ಆರಂಭವಾದ ಮೇಲೆ ನಮ್ಮ ಒಣಬೇಸಾಯದ ಪ್ರದೇಶಗಳಲ್ಲಿ ಕೃಷಿಹೊಂಡಗಳು ಹೆಚ್ಚಿದವು. ಪೈರಿಗೆಂದು ಹಿಡಿದಿಟ್ಟ ನೀರಿನಲ್ಲಿ ಮೀನನ್ನೂ ಸಾಕುವ ರೈತರಿದ್ದಾರೆ. ಅವರಿಂದ ಪದೇ ಪದೇ ಕೇಳಿಬರುವ ದೂರು ಒಂದೇ. ಶ್ರಾವಣದಲ್ಲಿ ಐನೂರು ಮರಿ ಬಿಟ್ಟೆವು, ಸಂಕ್ರಾಂತಿಗೆ ಬಲೆ ಎಳೆದರೆ ಐವತ್ತೂ ಸಿಗಲಿಲ್ಲ, ಸತ್ತು ತೇಲಿದ್ದೂ ಕಾಣಲಿಲ್ಲ. ಆಗ ಸಂಶಯವೆಲ್ಲ ಪಕ್ಕದ ಹೊಲದವನ ಮೇಲೆ. ಕಳವು ಇಲ್ಲವೆಂದಲ್ಲ. ಆದರೆ ಕಳ್ಳನು ಒಯ್ಯುವುದು ತಕ್ಕಡಿಗೆ ಬರುವ ಮೀನನ್ನು, ಬೆರಳುದ್ದದ ಮರಿಯನ್ನಲ್ಲ. ಹೆಚ್ಚಿನ ನಷ್ಟ ಆಗುವುದಾದರೋ ಮರಿ ಬಿಟ್ಟ ಮೊದಲ ಕೆಲವು ವಾರಗಳಲ್ಲಿ.

ಸಾಗಾಣಿಕೆಯಲ್ಲಿ ಬಳಲಿದ ಮರಿಗಳು ಮೊದಲ ಒಂದೆರಡು ದಿನಗಳಲ್ಲೇ ಸಾಯುತ್ತವೆ. ಸಣ್ಣ ಮರಿ ಸತ್ತರೆ ತಳ ಸೇರಿ ಕೊಳೆಯುತ್ತದೆ, ಇಲ್ಲವೆ ಏಡಿಗಳ ಪಾಲಾಗುತ್ತದೆ. ದಡದಲ್ಲಿ ನಿಂತವರಿಗೆ ಏನೂ ತಿಳಿಯದು. ಆದ್ದರಿಂದ ಮರಿಗಳಿರುವ ಪಾಲಿಥೀನ್ ಚೀಲವನ್ನು ತಂದೊಡನೆ ಬಿಚ್ಚದೆ ಹದಿನೈದು-ಇಪ್ಪತ್ತು ನಿಮಿಷ ನೀರಿನಲ್ಲಿ ತೇಲಬಿಟ್ಟು, ಹೊಂಡದ ನೀರನ್ನು ಸ್ವಲ್ಪ ಸ್ವಲ್ಪವಾಗಿ ಚೀಲಕ್ಕೆ ಸೇರಿಸಿ, ತಂಪು ಹೊತ್ತಿನಲ್ಲಿ ಬಿಡಬೇಕು. ಸಂಶಯವಿದ್ದವರು ಐವತ್ತು ಮರಿಗಳನ್ನು ಎಣಿಸಿ, ನೀರಿನಲ್ಲಿ ಕಟ್ಟಿದ ಸೊಳ್ಳೆಪರದೆಯ ಚೀಲದಲ್ಲಿ ಒಂದು ದಿನ ಇಟ್ಟು ನೋಡಲಿ. ಅದರಲ್ಲಿ ಹತ್ತು ಸತ್ತರೆ ಹೊಂಡದಲ್ಲೂ ಐದಕ್ಕೊಂದು ಹೋಯಿತೆಂದೇ ತಿಳಿಯಬಹುದು.

ಇನ್ನು ನೀರಿನ ಕೀಟಗಳು. ಆರು ತಿಂಗಳಿಂದ ನೀರು ನಿಂತ ಹೊಂಡದಲ್ಲಿ ಇವು ತುಂಬಿರುತ್ತವೆ. ಬೆನ್ನು ಕೆಳಗೆ ಮಾಡಿ ಈಜುವ ಕೀಟ, ನೀರುಚೇಳು, ಏರೋಪ್ಲೇನ್ ಚಿಟ್ಟೆಯ ಮರಿಹುಳು, ಇವೆಲ್ಲ ಒಂದಂಗುಲದ ಮೀನುಮರಿಯನ್ನು ಹಿಡಿದು ತಿನ್ನಬಲ್ಲವು. ಮೇಲೆ ಹಾರುವ ಚಿಟ್ಟೆಯನ್ನು ಕಂಡು ಸಂತೋಷಪಡುವ ನಾವು ಅದರ ಸಂತಾನ ನೀರೊಳಗೆ ಏನು ಮಾಡುತ್ತಿದೆಯೆಂದು ನೋಡುವುದಿಲ್ಲ. ಇವುಗಳಲ್ಲಿ ಹಲವು ಉಸಿರಾಡಲು ನೀರಿನ ಮೇಲಕ್ಕೆ ಬರಬೇಕು. ಇದೇ ಅವುಗಳ ದೌರ್ಬಲ್ಯ. ಹೆಕ್ಟೇರಿಗೆ 56 ಕಿಲೋ ಅಗ್ಗದ ಸಸ್ಯಜನ್ಯ ಎಣ್ಣೆ ಮತ್ತು 18 ಕಿಲೋ ಸಾಬೂನಿನ ಮಿಶ್ರಣವನ್ನು ನೀರಿನ ಮೇಲೆ ಹರಡಿದರೆ ಎಣ್ಣೆಯ ಪದರದಡಿ ಅವು ಉಸಿರುಕಟ್ಟಿ ಸಾಯುತ್ತವೆ. 21 ಮೀಟರ್ ಉದ್ದ, ಅಷ್ಟೇ ಅಗಲದ ಹೊಂಡಕ್ಕೆ ಸುಮಾರು ಎರಡೂವರೆ ಕಿಲೋ ಎಣ್ಣೆ, 800 ಗ್ರಾಂ ಸಾಬೂನು ಸಾಕು. ಸಾಬೂನನ್ನು ಬಿಸಿನೀರಿನಲ್ಲಿ ಕರಗಿಸಿ, ಎಣ್ಣೆ ಸೇರಿಸಿ ಚೆನ್ನಾಗಿ ಕಲಕಬೇಕು. ಗಾಳಿಯಿಲ್ಲದ ದಿನ ಹಾಕಿ, ಮರುದಿನ ಮರಿ ಬಿಡಬೇಕು. ಗಾಳಿ ಬೀಸಿದರೆ ಪದರವೆಲ್ಲ ಒಂದು ಮೂಲೆ ಸೇರಿ ಎಣ್ಣೆ ದಂಡ. ಇದಕ್ಕಿಂತಲೂ ಸುಲಭದ ಮಾರ್ಗವೆಂದರೆ ಒಂದಂಗುಲದ ಮರಿಯ ಬದಲು ಮೂರು-ನಾಲ್ಕು ಅಂಗುಲದ ಬಲಿತ ಮರಿ ಬಿಡುವುದು. ಬೆಲೆ ಹೆಚ್ಚು, ನಿಜ. ಆದರೆ ಉಳಿಯುವ ಮರಿಯ ಲೆಕ್ಕದಲ್ಲಿ ನೋಡಿದರೆ ಬಲಿತದ್ದೇ ಅಗ್ಗ ಎಂಬುದು ನನ್ನ ಅಭಿಪ್ರಾಯ.

ಮಣ್ಣಿನ ಹೊಂಡ ಹಾಗೂ ಸಣ್ಣ ಕೆರೆಗಳಲ್ಲಿ ಕುಚ್ಚು, ಕೊರವ, ಬಾಳೆ ಮುಂತಾದ ಮಾಂಸಾಹಾರಿ ಮೀನುಗಳದೇ ದೊಡ್ಡ ಕಾಟ. ಕುಚ್ಚು, ಕೊರವಗಳು ಗಾಳಿಯನ್ನೇ ಉಸಿರಾಡಬಲ್ಲವಾದ್ದರಿಂದ ನೀರು ಬತ್ತಿದರೂ ಕೆಸರಿನಲ್ಲಿ ಹುದುಗಿದ್ದು ಮಳೆ ಬಂದೊಡನೆ ಏಳುತ್ತವೆ. ಬಲಿತ ಮರಿಯೂ ಇವಕ್ಕೆ ತುತ್ತೇ. ಕೆಸರು ಬಿರಿಯುವಷ್ಟು ತಳವನ್ನು ಒಣಗಿಸಬೇಕು. ಅದಾಗದಿದ್ದರೆ ಒಂದು ಮೀಟರ್ ಆಳದ ನೀರಿಗೆ ಚದರ ಮೀಟರಿಗೆ 250 ಗ್ರಾಂನಂತೆ ಹಿಪ್ಪೆ ಹಿಂಡಿಯನ್ನು ನೆನೆಸಿ ಎರಚಬೇಕು. ಅದರಲ್ಲಿರುವ ಸಪೋನಿನ್ ಮೀನಿನ ರಕ್ತಕಣಗಳನ್ನು ಒಡೆಯುತ್ತದೆ. ವಿಷ ಇಳಿಯಲು ಎರಡು-ಮೂರು ವಾರ ಬೇಕು. ಆ ತನಕ ಮರಿ ಬಿಡಬಾರದು, ದನಗಳಿಗೂ ಆ ನೀರು ಬೇಡ. ಅನಂತರ ಹಿಂಡಿ ಗೊಬ್ಬರವಾಗುತ್ತದೆ.

ಜೋರು ಮಳೆಯ ರಾತ್ರಿ ಗೆಂಡೆ ಜಾತಿಯ ಮೀನುಗಳು ಹರಿದುಬರುವ ಹೊಸ ನೀರಿಗೆ ಎದುರಾಗಿ ಏರುತ್ತವೆ, ಕೋಡಿಯಲ್ಲೂ ಕೊಚ್ಚಿ ಹೋಗುತ್ತವೆ. ಹಲವರು ಕೋಡಿಗೆ ಮಾತ್ರ ಜಾಲರಿ ಕಟ್ಟುತ್ತಾರೆ. ಒಳಹರಿವಿಗೂ ಕಟ್ಟಬೇಕು, ಕಸ ಕಟ್ಟಿಕೊಳ್ಳದಂತೆ ಮಳೆಗಾಲದಲ್ಲಿ ದಿನವೂ ನೋಡಬೇಕು.

ನೀರುಕಾಗೆ, ಮಿಂಚುಳ್ಳಿ, ಕೊಕ್ಕರೆಗಳಿಗೆ ಹೊಂಡದ ಮೇಲೆ ಅಡ್ಡಡ್ಡ ದಾರ ಕಟ್ಟಿದರೆ ಕಾಟ ಕಡಿಮೆಯಾಗುತ್ತದೆ. ನದಿಯ ಬಳಿಯ ಹೊಂಡಗಳಿಗೆ ನೀರುನಾಯಿಯೂ ಬರಬಹುದು. ಅರೆತಿಂದ ಮೀನು, ಮುಳ್ಳು-ಚಿಪ್ಪು ತುಂಬಿದ ಲದ್ದಿ ದಡದಲ್ಲಿ ಕಂಡರೆ ಅದರದೇ ಕೆಲಸ. ಅದನ್ನು ಕೊಲ್ಲುವುದು 1972ರ ವನ್ಯಜೀವಿ ಕಾಯ್ದೆಯಂತೆ ಅಪರಾಧ, ಬೇಲಿಯೇ ದಾರಿ.

ದೊಡ್ಡ ಮೀನುಗಳೇ ಸತ್ತು ತೇಲಿದರೆ ಕಾರಣ ಬೇರೆ. ನೀರು ಕಡುಹಸಿರಾಗಿದ್ದು ಮೋಡ ಕವಿದ ದಿನಗಳಲ್ಲಿ ಬೆಳಗಿನ ಜಾವಕ್ಕೆ ಆಮ್ಲಜನಕ ತೀರಾ ಇಳಿಯುತ್ತದೆ. ಮೀನುಗಳು ಮೇಲೆ ಬಂದು ಬಾಯಿ ಬಡಿಯುತ್ತಿದ್ದರೆ ಗೊಬ್ಬರ, ಮೇವು ನಿಲ್ಲಿಸಿ, ಪಂಪಿನಿಂದ ಹೊಂಡದ ನೀರನ್ನೇ ಎತ್ತಿ ಮೇಲಿನಿಂದ ಸುರಿಸಬೇಕು. ಹೊತ್ತೇರಿದ ಮೇಲೆ ಹೊಂಡಕ್ಕೆ ಹೋಗುವವರಿಗೆ ಇದು ಕಾಣುವುದೇ ಇಲ್ಲ. ತೇಲಿದ್ದನ್ನು ಅಷ್ಟರಲ್ಲಿ ಹದ್ದು-ಕಾಗೆಗಳು ಒಯ್ದಿರುತ್ತವೆ.

ತಿಂಗಳಿಗೊಮ್ಮೆ ಬೀಸುಬಲೆ ಹಾಕಿ, ಸಿಕ್ಕ ಮೀನುಗಳನ್ನು ಎಣಿಸಿ ತೂಗಿ ಬರೆದಿಡಿ. ಮೃಗಾಲ್ ಮತ್ತು ಸಾಮಾನ್ಯ ಗೆಂಡೆ ತಳದಲ್ಲಿರುವುದರಿಂದ ಒಂದೇ ಎಸೆತಕ್ಕೆ ಸಿಗದಿದ್ದರೆ ಇಲ್ಲವೆಂದು ತೀರ್ಮಾನಿಸದೆ ನಾಲ್ಕು ಮೂಲೆಗೂ ಹಾಕಿ. ಮೊದಲ ತಿಂಗಳಲ್ಲೇ ಸಂಖ್ಯೆ ಕುಸಿದಿದ್ದರೆ ಕೀಟ, ಮಾಂಸಾಹಾರಿ ಮೀನು, ಜಾಲರಿ ಇವನ್ನು ಪರೀಕ್ಷಿಸಿ. ಅರ್ಧ ಕಿಲೋ ತೂಗುತ್ತಿದ್ದ ಮೀನು ಒಂದೇ ವಾರದಲ್ಲಿ ಕಾಣೆಯಾದರೆ ಮಾತ್ರ ರಾತ್ರಿ ಕಾವಲಿಗೆ ಹೋಗಿ.