ಓಲೆಯ ಕಟ್ಟಿನಲ್ಲಿ ಕಂಡ ಹುಳು: ಗುರುತಿಸುವ ಬಗೆ

ಕಾವೇರೀತೀರದ ಚುಂಚನಕಟ್ಟೆ, ಅದೇ ಸೀಮೆಯ ಚಿಕ್ಕಹನಸೋಗೆ ಮೊದಲಾದ ಊರುಗಳು ಜೈನ ವಿದ್ವಾಂಸರಿಗೆ ಅಪರಿಚಿತವಲ್ಲ. ದೇಶೀಗಣ ಪುಸ್ತಕಗಚ್ಛದ ಹನಸೋಗೆ ಬಳಿಗೆ ಹೆಸರು ಬಂದದ್ದು ಈ ನೆಲದಿಂದಲೇ. ಪುಸ್ತಕದ ಹೆಸರನ್ನೇ ಹೊತ್ತ ಗಚ್ಛದ ನಾಡಿನಲ್ಲಿ ಪುಸ್ತಕಭಕ್ಷಕ ಕೀಟದ ವಿಚಾರವು ಅಪ್ರಸ್ತುತವೆನಿಸಲಾರದು.

ಮಳೆಗಾಲದಲ್ಲಿ ಹೊಳೆಯಂಚಿನ ಮನೆಗಳಲ್ಲಿ ತೇವವು ಹೆಚ್ಚುತ್ತದೆ. ಬಹುಕಾಲ ಬಿಚ್ಚದೆ ಇಟ್ಟ ಓಲೆಯ ಕಟ್ಟುಗಳಿಗೆ ಅಪಾಯ ಒದಗುವುದು ಆಗಲೇ. ಪೆಟ್ಟಿಗೆಯ ಬಳಿ ಹುಳುವೊಂದು ಕಂಡೊಡನೆ ವಿಷೌಷಧಕ್ಕೆ ಕೈಯಿಡುವವರುಂಟು. ಆದರೆ ಕಂಡ ಹುಳುವೆಲ್ಲವೂ ಗ್ರಂಥಶತ್ರುವಲ್ಲ.

ಧೂಳು, ಮರಳಿನ ಕಣಗಳಿಂದಾದ ಚಪ್ಪಟೆ ಚೀಲವೊಂದನ್ನು ಎಳೆದುಕೊಂಡು ಗೋಡೆಯ ಮೇಲೆ ಸಾಗುವ ಮರಿಹುಳುವನ್ನು ಅನೇಕರು ಕಂಡಿರುತ್ತಾರೆ. ಅದು ಒಂದು ಬಗೆಯ ಸಣ್ಣ ಪತಂಗದ ಮರಿ. ಚೀಲದ ಎರಡು ತುದಿಗಳೂ ತೆರೆದಿದ್ದು, ಹುಳುವು ಯಾವ ಕಡೆಯಿಂದಲಾದರೂ ತಲೆ ಹೊರಹಾಕಬಲ್ಲದು. ಜೇಡರ ಬಲೆ, ಸತ್ತ ಕೀಟಗಳ ಅವಶೇಷ, ಉಣ್ಣೆ, ಕೂದಲು ಇದರ ಆಹಾರ. ಓಲೆಗರಿಗೆ ಇದರಿಂದ ಭಯವಿಲ್ಲ. ಮೃದುವಾಗಿ ಎತ್ತಿ ಹೊರಗೆ ಬಿಟ್ಟರೆ ಸಾಕು. ಮೈಮೇಲೆ ಒತ್ತಾದ ಕಂದು ರೋಮಗಳುಳ್ಳ ಮತ್ತೊಂದು ಮರಿಹುಳುವು ಚರ್ಮ, ಗರಿಗಳನ್ನು ತಿನ್ನುವ ಜಾತಿಯದು. ಗ್ರಂಥಕ್ಕಿಂತ, ಬಹುದಿನ ಮೂಲೆಯಲ್ಲಿರಿಸಿದ ನವಿಲುಗರಿಯ ಪಿಂಛಕ್ಕೇ ಅದರಿಂದ ಹಾನಿ ಹೆಚ್ಚು!

ನಿಜವಾದ ಶತ್ರು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ಗ್ಯಾಸ್ಟ್ರಾಲಸ್ ಇಂಡಿಕಸ್ ಎಂಬ ಕಂದುಬಣ್ಣದ ಸಣ್ಣ ದುಂಬಿಯ ಮರಿಯು ಬಿಳಿಯದು, ಬಿಲ್ಲಿನಂತೆ ಬಾಗಿದ್ದು, ಗರಿಗಳ ಒಳಗೇ ಬೆಳೆಯುತ್ತದೆ. ಒಂದು ಗರಿಯಿಂದ ಮತ್ತೊಂದಕ್ಕೆ ಸುರಂಗ ಕೊರೆಯುತ್ತ ಹೋಗುವುದರಿಂದ ಅನೇಕ ಪತ್ರಗಳಲ್ಲಿ ಒಂದೇ ನೇರದಲ್ಲಿ ಅಕ್ಷರಗಳು ನಷ್ಟವಾಗುತ್ತವೆ. ಬೆಳೆದ ದುಂಬಿ ಹೊರಬಿದ್ದ ಸ್ಥಳದಲ್ಲಿ ಸಣ್ಣ ದುಂಡು ರಂಧ್ರ ಉಳಿಯುತ್ತದೆ. ಮೇಲ್ಮೈಯನ್ನು ಅಡ್ಡಾದಿಡ್ಡಿಯಾಗಿ ಕೆರೆದಿದ್ದರೆ ಅದು ಬಾಲದಲ್ಲಿ ಮೂರು ಎಳೆಗಳುಳ್ಳ ಬೆಳ್ಳಿಬಣ್ಣದ ಕೀಟದ ಕೆಲಸ. ಮಣ್ಣಿನ ಕೊಳವೆಯಿದ್ದರೆ ಗೆದ್ದಲಿನದು.

ಕೃಮಿಯು ದ್ವೀಂದ್ರಿಯ, ಇರುವೆ ತ್ರೀಂದ್ರಿಯ, ಭ್ರಮರ ಚತುರಿಂದ್ರಿಯವೆಂದು ತತ್ತ್ವಾರ್ಥಸೂತ್ರದ ವಿಭಾಗ. ಆಕಾರದಲ್ಲಿ ಕೃಮಿಯಂತಿರುವ ಈ ಮರಿ ಮುಂದೆ ದುಂಬಿಯಾಗತಕ್ಕದ್ದು. ರೂಪಮಾತ್ರದಿಂದ ಇಂದ್ರಿಯನಿರ್ಣಯ ಮಾಡುವುದು ಯುಕ್ತವಲ್ಲ. ಹೇಗಿದ್ದರೂ ಅದು ತ್ರಸಜೀವ. ಧೂಮಪ್ರಯೋಗ, ಅತಿಶೀತಲೀಕರಣ, ಆಮ್ಲಜನಕ ತೆಗೆಯುವಿಕೆ ಇವೆಲ್ಲವೂ ಕೊಲ್ಲುವ ಉಪಾಯಗಳೇ. ಗ್ರಂಥರಕ್ಷಣೆಯ ನೆಪದಿಂದ ಇದನ್ನು ವಿರೋಧೀ ಹಿಂಸೆಯೆಂದು ಸಮರ್ಥಿಸಬಹುದಾದರೂ, ಉದ್ದೇಶಪೂರ್ವಕ ವಧೆಯಾದ್ದರಿಂದ ಸಂಕಲ್ಪೀ ಹಿಂಸೆಯೆಂಬ ಆಕ್ಷೇಪವೇ ಬಲವಾದುದು. ಶ್ರುತಪಂಚಮಿಯಂದು ಶಾಸ್ತ್ರಗಳನ್ನು ಹೊರತೆಗೆದು ಶುಚಿಗೊಳಿಸುವ ವಾಡಿಕೆಯು ಮಳೆಗಾಲದ ಹೊಸ್ತಿಲಲ್ಲಿ, ಜ್ಯೇಷ್ಠಮಾಸದಲ್ಲಿ, ಬರುವುದು ಈ ದೃಷ್ಟಿಯಿಂದ ಗಮನಾರ್ಹ. ಮೊಟ್ಟೆಯಿಡಲು ಎಡೆಗೊಡದಿರುವುದೊಂದೇ ಹಿಂಸೆಯಿಲ್ಲದ ಮಾರ್ಗ.

ರಂಧ್ರ ಕಂಡಮಾತ್ರಕ್ಕೆ ಹುಳುವು ಜೀವಂತವಿದೆಯೆನ್ನಲಾಗದು. ಅದು ಹಲವು ದಶಕಗಳ ಹಿಂದಿನದಾಗಿರಬಹುದು. ಕಟ್ಟನ್ನು ಶುಚಿಗೊಳಿಸಿ, ಉಳಿದವುಗಳಿಂದ ಬೇರ್ಪಡಿಸಿ, ಬಿಳಿಯ ಕಾಗದದ ಮೇಲೆ ಕೆಲವು ವಾರ ಇಡಬೇಕು. ಹೊಸ ಪುಡಿ ಉದುರುತ್ತಿದ್ದರೆ ಹುಳು ಒಳಗಿದೆ. ಉದುರದಿದ್ದರೆ ಸಾಮಾನ್ಯವಾಗಿ ಯಾವ ಔಷಧದ ಅಗತ್ಯವೂ ಇಲ್ಲ. ಆದರೂ ಮುಂದಿನ ಮಳೆಗಾಲ ಕಳೆದ ಮೇಲೆ ಮತ್ತೊಮ್ಮೆ ಬಿಚ್ಚಿ ನೋಡತಕ್ಕದ್ದು.