ಜಗಳ ಪಾತ್ರಗಳದು, ಸ್ನೇಹ ಆಟಗಾರರದು

ಮೇಜಿನ ಸುತ್ತ ನಾಲ್ಕೈದು ಮಂದಿ ಗೆಳೆಯರು. ಕಾಗದ, ಪೆನ್ಸಿಲ್, 20 ಮುಖಗಳ ದಾಳ. ಒಬ್ಬ ಕಥೆ ನಡೆಸುತ್ತಾನೆ, ಉಳಿದವರು ಒಂದೊಂದು ಪಾತ್ರವಾಗುತ್ತಾರೆ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಇಂಥ ಆಟ. ಇಲ್ಲಿ ಎದುರಾಳಿ ತಂಡವಿಲ್ಲ; ಎಲ್ಲರೂ ಒಟ್ಟಾಗಿ ಸಾಗಬೇಕು.

ಹಾಗಾದರೆ ಜಗಳವೆಲ್ಲಿಂದ? ಕಳ್ಳನ ಪಾತ್ರದವನು ಜೊತೆಗಾರ ಯೋಧನ ಚೀಲಕ್ಕೇ ಕೈ ಹಾಕುತ್ತಾನೆ. ಕೇಳಿದರೆ, 'ನಾನೇನು ಮಾಡಲಿ, ನನ್ನ ಪಾತ್ರವೇ ಅಂಥದು' ಎನ್ನುತ್ತಾನೆ. ಆ ಪಾತ್ರವನ್ನು ಆಡಿಸುತ್ತಿರುವವನು ತಾನೇ ಎಂಬುದು ಅವನಿಗೆ ಮರೆತೇಹೋಗಿರುತ್ತದೆ!

ದಾಳ ಉರುಳಿಸಿದರೆ ಕಳವು ಫಲಿಸಿತೋ ಇಲ್ಲವೋ ತಿಳಿದೀತು. ಗೆಳೆಯನ ಮುನಿಸು ಇಳಿಯದು. ಆಗ ಐದು ನಿಮಿಷ ಆಟ ನಿಲ್ಲಲಿ. ಪಾತ್ರ ಬಿಟ್ಟು, ಗೆಳೆಯರಾಗಿ ಮಾತಾಡಿ. 'ಈ ಕಳವು ನಿನಗೆ ಒಪ್ಪಿಗೆಯೇ?' ಎಂದು ಕೇಳಿ. ಒಪ್ಪಿದರೆ ಕಥೆಗೆ ಹೊಸ ತಿರುವು. ಒಲ್ಲೆನೆಂದರೆ ಕೈ ಹಿಂದಕ್ಕೆ. ಮೊದಲ ದಿನವೇ ಇಂಥ ಕಟ್ಟಳೆ ಹಾಕಿಕೊಂಡರೆ ಮತ್ತೂ ಮೇಲು.

'ಜಗಳವಾದರೆ ಆಟವೇ ಬೇಡ' ಎಂದು ಗದರುವ ಮುನ್ನ ಪೋಷಕರು ಮಕ್ಕಳಿಗೆ ಈ ಐದು ನಿಮಿಷ ಕೊಡಲಿ. ಚೀಲ ಕಳೆದುಕೊಂಡ ಯೋಧನಿಗೆ ಇನ್ನೊಂದು ಚೀಲ ಸಿಕ್ಕೀತು. ಮುನಿದು ಎದ್ದುಹೋದ ಗೆಳೆಯ ಮರಳುವುದು ಕಷ್ಟ.