ನಮ್ಮೂರ ಹೊಳೆಯ ಹೆಸರು

ಉಪ್ಸಾಲಾ ನಗರದ ನಡುವೆ ಹರಿಯುವ ಹೊಳೆಯನ್ನು ನಾವು ದಿನವೂ ದಾಟುತ್ತೇವೆ. ಸ್ವೀಡಿಷ್ ಭಾಷೆಯಲ್ಲಿ ಅದರ ಹೆಸರು ಫ್ಯೂರಿಸೋನ್. ಇದನ್ನು ಇಂಗ್ಲಿಷಿನಲ್ಲಿ ಏನೆಂದು ಬರೆಯಬೇಕು? ನಮ್ಮ ಕನ್ನಡ ತರಗತಿಯಲ್ಲಿ ಈ ಪ್ರಶ್ನೆ ಎದ್ದದ್ದು ಒಂದು ಕಾಗದದ ದೆಸೆಯಿಂದ. ಹುಡುಗಿಯೊಬ್ಬಳು ತೀರ್ಥಹಳ್ಳಿಯ ಅಜ್ಜಿಗೆ ಕಾಗದ ಬರೆಯುತ್ತಿದ್ದಳು. ವಿಳಾಸದ ಜೊತೆಗೆ ಹೊಳೆಯ ಹೆಸರೂ ಇಂಗ್ಲಿಷಿನಲ್ಲಿರಲಿ, 'ಫ್ಯೂರಿಸೋನ್ ರಿವರ್' ಎಂದು ಬರೆ ಅಂದರು ಅವಳ ಅಪ್ಪ. "ಅಪ್ಪಾ, ಅದು ಹೊಳೆ ಹೊಳೆ ಅಂದ ಹಾಗಾಯ್ತು!" ಎಂದು ಅವಳು ನಕ್ಕಳು. ಅಪ್ಪನಿಗೆ ಸ್ವಲ್ಪ ಮುಜುಗರವೇ ಆಯಿತು.

ಮಗಳು ಹೇಳಿದ್ದು ಸರಿ. ಸ್ವೀಡಿಷ್ ವರ್ಣಮಾಲೆಯಲ್ಲಿ 29 ಅಕ್ಷರಗಳಿವೆ. ಇಪ್ಪತ್ತೇಳನೆಯದು, ಇಂಗ್ಲಿಷಿನ 'ಎ' ಅಕ್ಷರದ ನೆತ್ತಿಯ ಮೇಲೆ ಸೊನ್ನೆ ಇಟ್ಟಂತೆ ಕಾಣುತ್ತದೆ. ಅದರ ಉಚ್ಚಾರ ಹೆಚ್ಚುಕಡಿಮೆ ನಮ್ಮ 'ಓ'. ಈ ಒಂದೇ ಅಕ್ಷರ ಒಂದು ಪೂರ್ಣ ಪದವೂ ಹೌದು: 'ಓ' ಎಂದರೆ ಹೊಳೆ. ಲ್ಯಾಟಿನ್ನಿನಲ್ಲಿ ನೀರಿಗೆ ಹೇಳುವ 'ಆಕ್ವಾ' ಇದರ ದೂರದ ನೆಂಟ. ಕೊನೆಯ 'ನ್' ಇಂಗ್ಲಿಷಿನ 'ದಿ' ಮಾಡುವ ಕೆಲಸವನ್ನು ಮಾಡುತ್ತದೆ. ಹಾಗಾಗಿ 'ದಿ ಫ್ಯೂರಿಸೋನ್ ರಿವರ್' ಎಂದು ಬರೆದರೆ 'ದಿ' ಎರಡು ಸಲ, 'ಹೊಳೆ' ಎರಡು ಸಲ! ಇನ್ನು ಆ ಸೊನ್ನೆಯನ್ನು ಬಿಟ್ಟು ಬರೆದರಂತೂ ಹೊಸಬರು 'ಫೈರಿಸಾನ್' ಎಂದು ಓದುತ್ತಾರೆ. ಹೊಳೆಯೂ ಹೋಯಿತು, ಉಚ್ಚಾರವೂ ಹೋಯಿತು.

ಹಾಗೆಂದು ಅಪ್ಪನನ್ನು ನಗುವಂತಿಲ್ಲ. ನಮ್ಮ ನಾಡಿನಲ್ಲೂ ಇದೇ ಕಥೆ. ಸಕಲೇಶಪುರದ ಕಡೆಯ ಎತ್ತಿನಹೊಳೆ ಇಂಗ್ಲಿಷಿನಲ್ಲಿ 'ಯೆತ್ತಿನಹೊಳೆ ರಿವರ್' ಆಗುತ್ತದೆ. ನಂದಿ ಬೆಟ್ಟದ ಸೀಮೆಯಲ್ಲಿ ಹುಟ್ಟಿ ತಮಿಳುನಾಡಿಗೆ ಹೋಗುವ ಪಾಲಾರ್ ಇದೆಯಲ್ಲ, ತಮಿಳಿನಲ್ಲಿ 'ಪಾಲ್' ಎಂದರೆ ಹಾಲು, 'ಆರು' ಎಂದರೆ ನದಿ. ನಾವು ಮತ್ತೆ 'ಪಾಲಾರ್ ನದಿ' ಎನ್ನುತ್ತೇವೆ. ಇಂಗ್ಲೆಂಡಿನವರೇನು ಕಡಿಮೆಯೇ? ಅವರ 'ಏವನ್' ಎಂಬ ಹೆಸರೇ ಹಳೆಯ ಕೆಲ್ಟಿಕ್ ನುಡಿಯಲ್ಲಿ ನದಿ ಎಂಬ ಅರ್ಥದ್ದು. ಒಂದು ಭಾಷೆಯ ಹೊಳೆ ಇನ್ನೊಂದು ಭಾಷೆಯವರ ಕಿವಿಗೆ ಬರೀ ಹೆಸರಾಗಿ ಕೇಳಿಸುತ್ತದೆ, ಅಷ್ಟೆ.

ಇಂಗ್ಲಿಷಿನಲ್ಲಿ ಬರೆಯುವವರು 'ರಿವರ್ ಫ್ಯೂರಿಸ್', 'ಫ್ಯೂರಿಸ್ ರಿವರ್' ಎಂದೂ ಬರೆಯುವುದುಂಟು. 'ರಿವರ್' ಮೊದಲು ಬರುವುದು ಥೇಮ್ಸ್ ನದಿಯ ಬ್ರಿಟಿಷ್ ಕ್ರಮ, ಆಮೇಲೆ ಬರುವುದು ಹಡ್ಸನ್ ನದಿಯ ಅಮೆರಿಕನ್ ಕ್ರಮ. ಎರಡೂ ತಪ್ಪಲ್ಲ. ಆದರೆ ದಾರಿ ಕೇಳುವಾಗ ಮತ್ತು ನಕ್ಷೆಯಲ್ಲಿ ಹುಡುಕುವಾಗ ಸ್ವೀಡಿಷ್ ಹೆಸರೇ ಬೇಕು. ಆದ್ದರಿಂದ ಮೊದಲ ಸಲ ಪೂರ್ಣ ಹೆಸರನ್ನು ಕೊಟ್ಟು, ಅದು ಒಂದು ಹೊಳೆಯೆಂದು ತಿಳಿಸಿ, ಮುಂದೆ 'ರಿವರ್ ಫ್ಯೂರಿಸ್' ಎನ್ನುವುದು ಒಳ್ಳೆಯದೆಂದು ನಮಗೆ ತೋರುತ್ತದೆ.

'ಫ್ಯೂರಿಸ್' ಬಂದದ್ದು ಎಲ್ಲಿಂದ? ಈ ಹೊಳೆಗೆ ಮೊದಲಿದ್ದ ಹೆಸರು 'ಸಾಲಾ'. ಹಳೆಯ ಐಸ್‌ಲ್ಯಾಂಡಿಕ್ ಕಥನಗಳಲ್ಲಿ ಉಪ್ಸಾಲಾ ಬಳಿಯ 'ಫ್ಯೂರಿಸ್ ಬಯಲು' ಬರುತ್ತದೆ. 980ರ ದಶಕದಲ್ಲಿ ಎರಿಕ್ ದೊರೆ ಅಲ್ಲಿ ಯುದ್ಧ ಗೆದ್ದನೆಂದು ಹೇಳುತ್ತಾರೆ. ನೀರು ಇಳಿಯುವುದು ಎಂಬ ಅರ್ಥದ ಹಳೆಯ ಮಾತಿಗೂ ಈ ಹೆಸರಿಗೂ ನಂಟು ಹೇಳುವುದುಂಟು. ಹದಿನೇಳನೆಯ ಶತಮಾನದಲ್ಲಿ, ಪ್ರಾಚೀನ ವೈಭವದ ಮೋಹ ಜೋರಾಗಿದ್ದ ಕಾಲದಲ್ಲಿ, ಬಯಲಿನ ಹೆಸರನ್ನು ತಂದು ಹೊಳೆಗೆ ಇಟ್ಟರು. ಹೊಳೆಯಷ್ಟೇ ಅಲ್ಲ, ಊರೂ ಹೆಸರು ಬದಲಿಸಿದೆ. ಈಗಿನ ಪಟ್ಟಣ ಮೊದಲು 'ಓಸ್ತ್ರಾ ಆರೋಸ್', ಅಂದರೆ 'ಮೂಡಣ ಹೊಳೆಬಾಯಿ'. 1273ರಲ್ಲಿ ಆರ್ಚ್‌ಬಿಷಪ್ಪರ ಪೀಠ ಹಳೆ ಉಪ್ಸಾಲಾದಿಂದ ಇಲ್ಲಿಗೆ ಬಂದಾಗ ಹೆಸರೂ ಜೊತೆಗೆ ಬಂತು. ಪಡುವಣ ಹೊಳೆಬಾಯಿಯೇ ಇಂದಿನ ವೆಸ್ತೆರೋಸ್. ಮುಂದಿನ ಸಲ ಆ ಊರಿಗೆ ಹೋದಾಗ ಹೆಸರಿನೊಳಗಿರುವ ಹೊಳೆಯನ್ನು ಮಕ್ಕಳು ಹುಡುಕಲಿ.

ಕೊನೆಗೆ ಕನ್ನಡದ ಮಾತು. ಸ್ವೀಡಿಷಿನಲ್ಲಿ ಚಿಕ್ಕ ಹೊಳೆ 'ಓ', ಈ ನಾಡಿನ ದೊಡ್ಡ ನದಿ 'ಎಲ್ವ್', ಗಂಗೆಯಂಥ ಪರದೇಶದ ದೊಡ್ಡ ನದಿ 'ಫ್ಲೂದ್'. (ಇದನ್ನು ಇಂಗ್ಲಿಷಿನ ಪ್ರವಾಹವೆಂದು ತಿಳಿದು ಗಾಬರಿಯಾಗಬೇಡಿ!) ಸುಮಾರು 800 ಕಿ.ಮೀ. ಹರಿಯುವ ಕಾವೇರಿಗೂ ಸುಮಾರು 80 ಕಿ.ಮೀ. ಹರಿದು ಮೇಲಾರೆನ್ ಸರೋವರ ಸೇರುವ ನಮ್ಮ ಹೊಳೆಗೂ ಇಂಗ್ಲಿಷಿನಲ್ಲಿ ಒಂದೇ 'ರಿವರ್'. ಕನ್ನಡಕ್ಕೆ ಆ ಬಡತನವಿಲ್ಲ. ಹಳ್ಳ, ತೊರೆ, ಹೊಳೆ, ನದಿ ಎಲ್ಲವೂ ಇವೆ. ಈ ದಡದಿಂದ ಕೂಗಿದರೆ ಆ ದಡಕ್ಕೆ ಕೇಳಿಸುವ ನೀರಿಗೆ 'ನದಿ' ಎನ್ನಲು ನಮಗೆ ಮನಸ್ಸು ಬರಲಿಲ್ಲ. 'ಫ್ಯೂರಿಸ್ ಹೊಳೆ' ಎಂದು ಬರೆದೆವು. ತುಂಗೆಯ ದಡದ ಅಜ್ಜಿಗೆ ಅದು ತಟ್ಟನೆ ಅರ್ಥವಾಯಿತು. ಅವರ ಬಾಯಲ್ಲಿ ತುಂಗೆಯೂ 'ಹೊಳೆ'ಯೇ. ಫೋನಿನಲ್ಲಿ ಅವರು ಕೇಳಿದ್ದು ಒಂದೇ: "ಪುಟ್ಟೀ, ನಿಮ್ಮ ಹೊಳೇಲಿ ಮೀನಿದಾವೇನೇ?"

ಇವೆ ಅಜ್ಜಿ. ಆಸ್ಪ್ ಎಂಬ ದೊಡ್ಡ ಮೀನು ವಸಂತದಲ್ಲಿ ಮೊಟ್ಟೆಯಿಡಲು ಊರ ನಡುವಿನವರೆಗೂ ಬರುತ್ತದೆ.